ಹೆಚ್ಚುಕಡಿಮೆಯ ಲೆಕ್ಕ

ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆ ಗ್ರಾಮವನ್ನು ಕನ್ನಡಿಗರು ಎರಡು ಕಾರಣಗಳಿಗಾಗಿ ನೆನೆಯುವುದುಂಟು. ಪುರಾಣ ಬಲ್ಲವರು ಸುಧನ್ವನ ಚಂಪಕಾಪುರ ಇದೇ ಎಂಬ ಪ್ರತೀತಿಯನ್ನು ಹೇಳುತ್ತಾರೆ. ಸಾಹಿತ್ಯ ಬಲ್ಲವರು 1884ರ ಜನವರಿ 3ರಂದು ಬಿ. ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ಇಲ್ಲಿಯೇ ಎನ್ನುತ್ತಾರೆ. ಇವೆರಡನ್ನೂ ಅರಿಯದೆ ಆ ದಾರಿಯಲ್ಲಿ ಹೋಗುವವನಿಗೆ ಕಾಣುವುದು ತೆಂಗು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಎತ್ತ ತಿರುಗಿದರೂ ತೆಂಗೇ. ದಾರಿಹೋಕನ ಕಣ್ಣಿಗೆ ಆ ಮರಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ತೋಟದ ಯಜಮಾನನನ್ನು ಕೇಳಿದರೆ ಮಾತೇ ಬೇರೆ. ಬಾವಿಯ ಪಕ್ಕದ ಮರ ವರ್ಷ ತಪ್ಪದೆ ಹಿಡಿಯುತ್ತದೆ. ಬೇಲಿಯಂಚಿನದು ಒಂದು ವರ್ಷ ಹಿಡಿದರೆ ಮರುವರ್ಷ ಕೈಕೊಡುತ್ತದೆ. ಮೂರನೆಯದರ ಕಾಯಿ ನೋಡಲು ದಪ್ಪ, ಒಡೆದರೆ ಕೊಬ್ಬರಿ ತೆಳು. ನಾಲ್ಕನೆಯದು ಹೊಂಬಾಳೆ ಒಡೆದಷ್ಟೂ ಹರಳು ಉದುರಿಸುತ್ತದೆ.

ಈ ಬಗೆಯ ಭೇದವನ್ನು ಸೂಚಿಸಲು ನಮ್ಮ ಆಡುಮಾತಿನಲ್ಲಿ ಒಂದು ಸೊಗಸಾದ ಪದವಿದೆ: ಹೆಚ್ಚುಕಡಿಮೆ. "ಮರಕ್ಕೆ ಹೆಚ್ಚುಕಡಿಮೆ ಎಂಬತ್ತು ಕಾಯಿ" ಎಂದರೆ ಸುಮಾರು ಎಂದರ್ಥ. "ಲೆಕ್ಕದಲ್ಲಿ ಹೆಚ್ಚುಕಡಿಮೆ ಬಂದಿದೆ" ಎಂದರೆ ತಪ್ಪು ಎಂದರ್ಥ. "ಏನಾದರೂ ಹೆಚ್ಚುಕಡಿಮೆಯಾದರೆ ಯಾರು ಹೊಣೆ?" ಎಂದರೆ ಕೇಡು ಎಂದೇ ಅರ್ಥ. ಅಂದಾಜು, ತಪ್ಪು, ಕೇಡು, ಈ ಮೂರು ಅರ್ಥಗಳನ್ನೂ ಒಂದೇ ಪದ ಹೊತ್ತಿದೆ. ಸಂಪತ್ತು ಎಂಬ ನಾಲ್ಕನೆಯ ಅರ್ಥ ಮಾತ್ರ ಅದಕ್ಕೆ ನಮ್ಮ ಮಾತಿನಲ್ಲಿ ಇನ್ನೂ ಬಂದಿಲ್ಲ. ವಿಜ್ಞಾನದಲ್ಲಿಯೂ ಅದು ಬಹಳ ತಡವಾಗಿಯೇ ಬಂತು. ಹೇಗೆ ಬಂತು ಎಂಬುದು ಮನುಷ್ಯನ ಬುದ್ಧಿಯ ಚರಿತ್ರೆಯಲ್ಲಿ ಒಂದು ಕುತೂಹಲಕರವಾದ ಅಧ್ಯಾಯ. ಅದರ ಒಂದೆರಡು ಪುಟಗಳನ್ನು ನಮ್ಮ ತೆಂಗಿನ ತೋಟಗಳಲ್ಲಿಯೇ ಓದಬಹುದು.

ಬಿ. ಎಲ್. ರೈಸ್ ಅವರು ಸಂಪಾದಿಸಿದ ಮೈಸೂರು ಗೆಝೆಟಿಯರಿನಲ್ಲಿ ತೆಂಗಿನ ವಿಷಯವಾಗಿ ಒಂದು ಚಿಕ್ಕ ಟಿಪ್ಪಣಿಯಿದೆ. ಅದರಂತೆ ತೆಂಗಿನಲ್ಲಿ ನಾಲ್ಕು ಭೇದಗಳು: ಕೆಂಪು, ಹಸಿರು ಬೆರೆತ ಕೆಂಪು, ತಿಳಿಹಸಿರು, ಕಡುಹಸಿರು. ಈ ಭೇದಗಳು ಸ್ಥಿರವಾದವು. ಕೆಂಪು ಉಳಿದವಕ್ಕಿಂತ ಕೊಂಚ ಮೇಲೆಂಬ ಎಣಿಕೆ ಇದ್ದರೂ ಎಲ್ಲವನ್ನೂ ಬೆರೆಸಿಯೇ ಮಾರುತ್ತಾರೆ. ಫಸಲೂ ಹೆಚ್ಚುಕಡಿಮೆ ಒಂದೇ. ಬರೆದವರ ಕಣ್ಣು ಚುರುಕಾದದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವರು ಕಂಡದ್ದು ಬಣ್ಣದ ಭೇದ. ಒಂದೇ ಬಣ್ಣದ ಎರಡು ಮರಗಳ ನಡುವಣ ಭೇದ, ಅಂದರೆ ಒಕ್ಕಲಿಗನ ಹೊಟ್ಟೆಬಟ್ಟೆಗೆ ಸಂಬಂಧಪಟ್ಟ ಭೇದ, ಆ ನಾಲ್ಕು ಹೆಸರುಗಳಲ್ಲಿ ಸಿಕ್ಕುವುದಿಲ್ಲ. ಹೆಸರಿಟ್ಟು ವಿಂಗಡಿಸುವುದು ಬೇರೆ, ಅಳೆದು ತಿಳಿಯುವುದು ಬೇರೆ.

ತೆಂಗಿನಲ್ಲಿ ಇಷ್ಟೊಂದು ಭೇದವೇಕೆ? ಮಾವಿನ ಮರವನ್ನು ನೋಡಿ. ರುಚಿಯಾದ ಒಂದು ಮರ ಸಿಕ್ಕಿದರೆ ಅದರ ಕಡ್ಡಿಯನ್ನು ತಂದು ಕಸಿ ಕಟ್ಟುತ್ತೇವೆ. ಸಾವಿರ ಗಿಡ ಮಾಡಿದರೂ ಸಾವಿರವೂ ಆ ಒಂದೇ ಮರದ ಪಡಿಯಚ್ಚು. ನೆರೆಯ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಬೀಜದಿಂದೆದ್ದ ಒಂದು ಹಲಸಿನ ಮರ ತಾಮ್ರವರ್ಣದ ತೊಳೆಗಳಿಂದ ಹೆಸರಾಯಿತು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಅದನ್ನು ಗುರುತಿಸಿದ ಮೇಲೆ ಕಸಿಯ ಮೂಲಕ "ಸಿದ್ದು ಹಲಸು" ಊರೂರಿಗೆ ಹರಡಿತು. ತೆಂಗಿಗೆ ಈ ಭಾಗ್ಯವಿಲ್ಲ. ಅದಕ್ಕೆ ಕೊಂಬೆಯಿಲ್ಲ, ನೆತ್ತಿಯಲ್ಲಿ ಇರುವುದು ಒಂದೇ ಸುಳಿ, ಅದನ್ನು ಕತ್ತರಿಸಿದರೆ ಮರವೇ ಹೋಯಿತು. ಆದ್ದರಿಂದ ಕಾಯಿಯಿಂದಲೇ ಸಸಿ ಆಗಬೇಕು. ಆ ಕಾಯಿಯ ತಾಯಿ ಯಾವುದೆಂದು ನಮಗೆ ಗೊತ್ತು. ತಂದೆ ಯಾವುದೆಂದು ಗೊತ್ತಿಲ್ಲ. ನಮ್ಮ ಎತ್ತರದ ತಳಿಯಲ್ಲಿ ಒಂದು ಹೊಂಬಾಳೆಯ ಗಂಡು ಹೂಗಳು ಸಾಮಾನ್ಯವಾಗಿ ಮೊದಲೇ ಅರಳಿ ಉದುರಿಹೋಗುತ್ತವೆ; ಹೆಣ್ಣು ಹೂಗಳು ಅಣಿಯಾಗುವುದು ಆಮೇಲೆ. ಆ ಹೊತ್ತಿಗೆ ಗಾಳಿಯೋ ಜೇನುನೊಣವೋ ಬೇರೆ ಮರದಿಂದ ಪರಾಗವನ್ನು ತರಬೇಕು. ಹೀಗೆ ತೋಟದ ಪ್ರತಿಯೊಂದು ಕಾಯಿಯೂ ಒಂದು ಹೊಸ ಕೂಡಿಕೆ. ತಿಪಟೂರು ಎತ್ತರದ ತಳಿ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದು ಒಂದು ದೊಡ್ಡ ಮನೆತನವನ್ನು. ಅದರಲ್ಲಿ ಒಬ್ಬರ ಮುಖ ಇನ್ನೊಬ್ಬರಿಗಿಲ್ಲ.

ಇಂಥ ಭೇದದ ಎದುರು ನಿಂತಾಗ ಮನುಷ್ಯನಿಗೆ ಮೊದಲು ಹೊಳೆದ ಉಪಾಯ ಸರಾಸರಿ. ಅದು ನಮ್ಮಲ್ಲಿ ಹೊಸದೇನಲ್ಲ. ನೃಪತುಂಗನ ಕಾಲದಲ್ಲಿ, ಎಂದರೆ ಕ್ರಿ. ಶ. 850ರ ಸುಮಾರಿನಲ್ಲಿ, ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಅಗೆತದ ಲೆಕ್ಕಗಳಿಗೆ ಮೀಸಲಾದ ಪ್ರಕರಣವೇ ಇದೆ. ಹೊಂಡದ ಅಗಲ ಆಳಗಳು ಒಂದೊಂದು ಕಡೆ ಒಂದೊಂದು ತೆರನಾಗಿದ್ದರೆ ಅವನ್ನು ಸಮಮಾಡಿಕೊಂಡು ಮಣ್ಣಿನ ಗಾತ್ರವನ್ನು ಎಣಿಸಬೇಕು. ಬೇರೆ ಬೇರೆ ಬಣ್ಣದ, ಅಂದರೆ ಬೇರೆ ಬೇರೆ ಶುದ್ಧಿಯ, ಚಿನ್ನಗಳನ್ನು ಕೂಡಿಸಿ ಕರಗಿಸಿದರೆ ಬರುವ ಬಣ್ಣ ಯಾವುದೆಂಬ ಲೆಕ್ಕವೂ ಆ ಗ್ರಂಥದಲ್ಲಿದೆ. ಕೆರೆ ತೋಡಿಸುವವನಿಗೂ ಅಕ್ಕಸಾಲಿಗನಿಗೂ ಬೇಕಾದದ್ದು ಒಟ್ಟು ಮೊತ್ತ. ಆಳ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬುದು ಅವನಿಗೆ ಮುಖ್ಯವಲ್ಲ. ಆ ಕೆಲಸಕ್ಕೆ ಸರಾಸರಿ ಸಾಕು. ಆದರೆ ಅದೇ ಕೆರೆಗೆ ಈಜಲು ಇಳಿಯುವವನಿಗೆ ಸರಾಸರಿ ಆಳ ಎದೆಮಟ್ಟ ಎಂದು ಹೇಳಿದರೆ ಅವನ ಜೀವಕ್ಕೆ ಹೊಣೆ ಯಾರು?

ಯೂರೋಪಿನಲ್ಲಿ ಈ ಪ್ರಶ್ನೆ ಎದ್ದದ್ದು ಆಕಾಶವನ್ನು ನೋಡುವವರಿಂದ. ಒಂದೇ ನಕ್ಷತ್ರದ ಸ್ಥಾನವನ್ನು ಹತ್ತು ಸಲ ಅಳೆದರೆ ಹತ್ತು ಉತ್ತರಗಳು ಬರುತ್ತಿದ್ದವು. ನಕ್ಷತ್ರ ಒಂದೇ, ಆದ್ದರಿಂದ ಭೇದವೆಲ್ಲ ಅಳೆಯುವವನ ಕೈಯದು, ಕಣ್ಣಿನದು, ಯಂತ್ರದ್ದು. ಗೌಸ್, ಲಾಪ್ಲಾಸ್ ಮೊದಲಾದ ಗಣಿತಜ್ಞರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ತಪ್ಪುಗಳಿಗೂ ಒಂದು ನಿಯಮವಿದೆಯೆಂದು ತೋರಿಸಿದರು. ಸಣ್ಣ ತಪ್ಪುಗಳು ಬಹಳ, ದೊಡ್ಡವು ವಿರಳ. ಚಿತ್ರ ಬರೆದರೆ ದೇವಸ್ಥಾನದ ಗಂಟೆಯನ್ನು ಬೋರಲಾಗಿ ಇಟ್ಟಂತಹ ಆಕಾರ.

ಬೆಲ್ಜಿಯಂ ದೇಶದ ಖಗೋಳಜ್ಞ ಕ್ವೆಟ್ಲೆಯು ಈ ಗಂಟೆಯನ್ನು ಆಕಾಶದಿಂದ ಭೂಮಿಗೆ ಇಳಿಸಿದನು. ಸ್ಕಾಟ್ಲೆಂಡಿನ 5,738 ಮಂದಿ ಸೈನಿಕರ ಎದೆಯ ಸುತ್ತಳತೆಯನ್ನು ಪಟ್ಟಿಮಾಡಿ ನೋಡಿದರೆ ಅಲ್ಲಿಯೂ ಅದೇ ಆಕಾರ! ಆಗ ಅವನು ಒಂದು ವಿಚಿತ್ರವಾದ ನಿರ್ಣಯಕ್ಕೆ ಬಂದನು. ನಕ್ಷತ್ರದ ನಿಜಸ್ಥಾನ ಹೇಗೆ ಒಂದೋ ಹಾಗೆಯೇ ಪ್ರಕೃತಿಯ ಮನಸ್ಸಿನಲ್ಲಿ ಇರುವ ಮನುಷ್ಯನೂ ಒಬ್ಬನೇ, ಅವನೇ "ಸರಾಸರಿ ಮನುಷ್ಯ". ನಾವು ನೀವೆಲ್ಲ ಆ ಗುರಿಯ ಕಡೆಗೆ ಬಿಟ್ಟು ಅತ್ತಿತ್ತ ಬಿದ್ದ ಬಾಣಗಳು. ಕ್ವೆಟ್ಲೆಯ ಎಣಿಕೆ ಸರಿ, ತೀರ್ಮಾನ ತಪ್ಪು. ನಕ್ಷತ್ರದ ಹತ್ತು ಅಳತೆಗಳ ಹಿಂದೆ ಒಂದು ನಕ್ಷತ್ರವಿದೆ. ಐದು ಸಾವಿರ ಎದೆಗಳ ಹಿಂದೆ ಇರುವುದು ಐದು ಸಾವಿರ ಮನುಷ್ಯರೇ. ಸರಾಸರಿ ಮನುಷ್ಯನನ್ನು ಯಾರೂ ಕಂಡಿಲ್ಲ. ಸರಾಸರಿ ತೆಂಗಿನ ಮರವನ್ನು ಹತ್ತಿ ಯಾರೂ ಕಾಯಿ ಕಿತ್ತಿಲ್ಲ.

ಈ ನೋಟವನ್ನು ತಲೆಕೆಳಗು ಮಾಡಿದವನು ಡಾರ್ವಿನ್. 1859ರಲ್ಲಿ ಪ್ರಕಟವಾದ ಅವನ ಮಹಾಗ್ರಂಥದ ಮೊದಲ ಎರಡು ಅಧ್ಯಾಯಗಳಿಗೂ ಭೇದವೇ ವಸ್ತು: ಸಾಕಿದ ಪ್ರಾಣಿಗಳಲ್ಲಿ ಮತ್ತು ಬೆಳೆಸಿದ ಗಿಡಗಳಲ್ಲಿ ಕಾಣುವ ಭೇದ ಮೊದಲನೆಯದರಲ್ಲಿ, ಪ್ರಕೃತಿಯಲ್ಲಿ ತಾನೇ ತಾನಾಗಿ ಕಾಣುವ ಭೇದ ಎರಡನೆಯದರಲ್ಲಿ. ಭೇದವಿಲ್ಲದಿದ್ದರೆ ಆಯ್ಕೆಯಿಲ್ಲ, ಆಯ್ಕೆಯಿಲ್ಲದಿದ್ದರೆ ಬದಲಾವಣೆಯಿಲ್ಲ. ಪಾರಿವಾಳ ಸಾಕುವವನೂ ಬೀಜ ಎತ್ತಿಡುವ ಒಕ್ಕಲಿಗನೂ ಭೇದವನ್ನೇ ಬಂಡವಾಳವಾಗಿ ಹೂಡಿ ಲಾಭ ಪಡೆಯುತ್ತಿದ್ದಾರೆ ಎಂಬುದನ್ನು ಅವನು ವಿದ್ವಾಂಸರ ಮುಂದೆ ಇಟ್ಟನು. ಅಲ್ಲಿಗೆ ಹೆಚ್ಚುಕಡಿಮೆಗೆ ನಾಲ್ಕನೆಯ ಅರ್ಥ ಬಂತು.

ಡಾರ್ವಿನ್ನನ ಬಂಧು ಗಾಲ್ಟನ್ 1875ರಲ್ಲಿ ಒಂದು ಪರೀಕ್ಷೆ ಮಾಡಿದನು. ಹೂವಿನ ಬಟಾಣಿ ಬೀಜಗಳನ್ನು ಏಳು ಗಾತ್ರಗಳಾಗಿ ವಿಂಗಡಿಸಿ, ಪೊಟ್ಟಣ ಕಟ್ಟಿ, ಸ್ನೇಹಿತರಿಗೆ ಕೊಟ್ಟು ಬೆಳೆಸಿದನು. ದೊಡ್ಡ ಬೀಜದ ಮಕ್ಕಳು ದೊಡ್ಡವೇ ಆದುವು, ಆದರೆ ತಾಯಿಯಷ್ಟು ದೊಡ್ಡವಾಗಲಿಲ್ಲ. ಸಣ್ಣ ಬೀಜದ ಮಕ್ಕಳು ಸಣ್ಣವೇ ಆದರೂ ತಾಯಿಯಷ್ಟು ಸಣ್ಣವಾಗಲಿಲ್ಲ. ಎರಡೂ ಕಡೆಯವು ನಡುವಿನ ಕಡೆಗೆ ಸರಿದಿದ್ದವು. "ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎಂಬ ನಮ್ಮ ಗಾದೆ ಸುಳ್ಳಲ್ಲ. ಆದರೆ ಅದಕ್ಕೆ ಗಾಲ್ಟನ್ ಒಂದು ತಿದ್ದುಪಡಿ ಸೂಚಿಸಿದಂತಾಯಿತು. ತಾಯಿಯಂತೆ ಮಗಳು ಹೌದು, ಊರಿನಂತೆಯೂ ಕೊಂಚ ಹೌದು.

ಇದರ ಅರ್ಥವೇನೆಂಬುದನ್ನು ತೆಂಗಿನವರು ಬೇಗ ಗ್ರಹಿಸುತ್ತಾರೆ. ವರ್ಷಕ್ಕೆ ಇನ್ನೂರು ಕಾಯಿ ಬಿಡುವ ಮರದ ಬೀಜದ ಕಾಯಿಗಳನ್ನು ಆರಿಸಿ ತಂದು ನೆಟ್ಟವನು ಏಳೆಂಟು ವರ್ಷ ಕಾದು ನೋಡುತ್ತಾನೆ. ಸಸಿಗಳು ಬೆಳೆದು ಫಲಕ್ಕೆ ಬಂದಾಗ ನೂರರ ಆಸುಪಾಸಿನಲ್ಲಿಯೇ ನಿಲ್ಲುತ್ತವೆ. ಬೀಜ ಕೊಟ್ಟವನು ಮೋಸ ಮಾಡಿದನೆಂದು ಅವನು ಬೈಯುವುದುಂಟು. ಮೋಸವೇ ಆಗಿರಬೇಕೆಂದಿಲ್ಲ. ಆ ತಾಯಿಮರದ ಇನ್ನೂರರಲ್ಲಿ ಅದರ ವಂಶದ ಪಾಲೆಷ್ಟು, ಅದು ನಿಂತ ನೆಲದ ಪಾಲೆಷ್ಟು, ನೀರಿನ ಪಾಲೆಷ್ಟು, ಅದೃಷ್ಟದ ಪಾಲೆಷ್ಟು? ಬೀಜದ ಜೊತೆ ಬರುವುದು ವಂಶದ ಪಾಲು ಮಾತ್ರ, ಅದೂ ತಾಯಿಯ ಕಡೆಯ ಅರ್ಧ. ಬಾವಿ ಜೊತೆಗೆ ಬರುವುದಿಲ್ಲ.

ಹಾಗಾದರೆ ಈ ಪಾಲುಗಳನ್ನು ಬೇರ್ಪಡಿಸುವುದು ಹೇಗೆ? ಇದಕ್ಕೆ ಮೊದಲು ಭೇದವನ್ನು ಅಳೆಯಲು ಒಂದು ಗೋಲು ಬೇಕು. ಊಹೆಗಾಗಿ ಎರಡು ತೋಟಗಳನ್ನು ತೆಗೆದುಕೊಳ್ಳೋಣ. ಒಂದೊಂದರಲ್ಲಿ ಐದೈದು ಮರ. ಮೊದಲ ತೋಟದ ಮರಗಳು 78, 80, 82, 79, 81 ಕಾಯಿ ಬಿಟ್ಟವು. ಎರಡನೆಯದರ ಮರಗಳು 20, 140, 60, 110, 70 ಬಿಟ್ಟವು. ಎರಡರ ಮೊತ್ತವೂ 400, ಸರಾಸರಿಯೂ 80. ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ. ಯಜಮಾನನ ಕಣ್ಣಿಗೆ ಅಜಗಜಾಂತರ. ಸರಾಸರಿಯಿಂದ ಒಂದೊಂದು ಮರ ಎಷ್ಟು ದೂರ ಎಂದು ಕೂಡಿಸಹೋದರೆ ಹೆಚ್ಚಿಗೂ ಕಡಿಮೆಗೂ ವಜಾ ಆಗಿ ಸೊನ್ನೆಯೇ ಉಳಿಯುತ್ತದೆ. ಅದಕ್ಕಾಗಿ ಪ್ರತಿಯೊಂದು ದೂರವನ್ನೂ ಅದರಿಂದಲೇ ಗುಣಿಸಿ, ವರ್ಗಮಾಡಿ, ಆಮೇಲೆ ಕೂಡಿಸಬೇಕು. ಮೊದಲ ತೋಟದಲ್ಲಿ ಆ ಮೊತ್ತ 10. ಐದರಿಂದ ಭಾಗಿಸಿದರೆ 2. ಎರಡನೆಯದರಲ್ಲಿ ಮೊತ್ತ 8,600, ಭಾಗಿಸಿದರೆ 1,720. ಇವುಗಳ ವರ್ಗಮೂಲ ತೆಗೆದರೆ ಮೊದಲನೆಯದು ಒಂದೂವರೆಗೆ ಸಮೀಪ, ಎರಡನೆಯದು ನಲವತ್ತೊಂದೂವರೆ. ಈ ವರ್ಗಮೂಲಕ್ಕೆ ಕಾರ್ಲ್ ಪಿಯರ್ಸನ್ 1893-94ರಲ್ಲಿ ಒಂದು ಹೆಸರಿಟ್ಟರು. ನಮ್ಮ ಪಠ್ಯಪುಸ್ತಕಗಳು ಅದನ್ನೇ ಮಾನಕ ವಿಚಲನೆ ಎನ್ನುತ್ತವೆ. ವರ್ಗಮೂಲ ತೆಗೆಯುವ ಮೊದಲಿನ ಸಂಖ್ಯೆಗೆ ವೇರಿಯನ್ಸ್ ಎಂಬ ಹೆಸರನ್ನು ಕೊಟ್ಟವರು ಆರ್. ಎ. ಫಿಷರ್, 1918ರಲ್ಲಿ.

ವರ್ಗ ಮಾಡುವುದರಲ್ಲಿ ಒಂದು ಮರ್ಮವಿದೆ. ನಮ್ಮ ಗಾರೆಕೆಲಸದವರು ಮನೆಯ ಮೂಲೆಯನ್ನು ನೇರಮಾಡಲು ಒಂದು ಬದಿಗೆ ಮೂರು ಅಡಿ, ಇನ್ನೊಂದು ಬದಿಗೆ ನಾಲ್ಕು ಅಡಿ ಅಳೆದು, ಅಡ್ಡಕ್ಕೆ ಐದು ಅಡಿ ಬಂತೇ ಎಂದು ನೋಡುತ್ತಾರೆ. ಮೂರರ ವರ್ಗಕ್ಕೆ ನಾಲ್ಕರ ವರ್ಗ ಸೇರಿದರೆ ಐದರ ವರ್ಗ. ಹೆಚ್ಚುಕಡಿಮೆಯ ಲೆಕ್ಕವೂ ಈ ಮೂಲೆಮಟ್ಟದಂತೆಯೇ. ನೆಲದ ಗುಣದಿಂದ ಮರಮರಕ್ಕೆ ಬರುವ ವಿಚಲನೆ 30 ಕಾಯಿ, ವಂಶದಿಂದ ಬರುವುದು 40 ಕಾಯಿ ಎಂದಿಟ್ಟುಕೊಳ್ಳಿ. ಒಂದರ ಹಂಗು ಇನ್ನೊಂದಕ್ಕೆ ಇಲ್ಲದಿದ್ದರೆ ಒಟ್ಟು ವಿಚಲನೆ 70 ಅಲ್ಲ, 50. ದೂರಗಳನ್ನು ನೇರವಾಗಿ ಕೂಡಿಸಬಾರದು, ವರ್ಗಗಳನ್ನು ಕೂಡಿಸಬಹುದು. ಕೂಡಿಸಬಹುದಾದುದರಿಂದ ಕಳೆಯಲೂಬಹುದು, ಪಾಲು ಮಾಡಲೂಬಹುದು. 2,500ರಲ್ಲಿ 900 ನೆಲದ್ದು, 1,600 ವಂಶದ್ದು. ಇಡೀ ತೋಟದ ಮಣ್ಣನ್ನು ಒಂದೇ ಸಮ ಮಾಡಿದರೂ ಐವತ್ತು ನಲವತ್ತಕ್ಕೆ ಇಳಿಯುತ್ತದೆಯೇ ಹೊರತು ಇಪ್ಪತ್ತಕ್ಕೆ ಇಳಿಯುವುದಿಲ್ಲ. ಎಲ್ಲಿ ದುಡ್ಡು ಸುರಿಯಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೆ?

ಈ ಪಾಲುಪಟ್ಟಿಯ ಶಾಸ್ತ್ರ ಹುಟ್ಟಿದ್ದು ಹೆಚ್ಚಾಗಿ ಬೇಸಾಯದ ಆಶ್ರಯದಲ್ಲಿ ಎಂಬುದನ್ನು ನೆನೆಯಬೇಕು. ಡಬ್ಲಿನ್ನಿನ ಗಿನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ಗಾಸೆಟ್ ಎಂಬುವರು ಜವೆಗೋಧಿಯ ಪರೀಕ್ಷೆಗಳಲ್ಲಿ ಕೆಲವೇ ಅಳತೆಗಳನ್ನು ಇಟ್ಟುಕೊಂಡು ಎಷ್ಟು ಧೈರ್ಯವಾಗಿ ತೀರ್ಮಾನಿಸಬಹುದೆಂದು ಯೋಚಿಸಿ 1908ರಲ್ಲಿ "ವಿದ್ಯಾರ್ಥಿ" ಎಂಬ ಗುಪ್ತನಾಮದಿಂದ ಬರೆದರು. ಫಿಷರ್ 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಬೇಸಾಯ ಸಂಶೋಧನಾ ಕೇಂದ್ರವನ್ನು ಸೇರಿ, ಒಂದೇ ಗೊಬ್ಬರವನ್ನು ಹಲವು ತಾಕುಗಳಲ್ಲಿ ಚೀಟಿ ಎತ್ತಿದಂತೆ ಹಂಚಿ ಪರೀಕ್ಷಿಸಬೇಕೆಂದು ಕಲಿಸಿದರು. ಒಂದು ತಾಕಿಗೆ ಗೊಬ್ಬರ ಹಾಕಿ, ಪಕ್ಕದ್ದಕ್ಕೆ ಬಿಟ್ಟು, ಬೆಳೆ ಹೆಚ್ಚಿತೆಂದು ಸಾರುವವನು ಗೊಬ್ಬರವನ್ನು ಹೊಗಳುತ್ತಿದ್ದಾನೋ ನೆಲವನ್ನು ಹೊಗಳುತ್ತಿದ್ದಾನೋ ಅವನಿಗೇ ತಿಳಿಯದು.

ಭಾರತದಲ್ಲಿ ಈ ವಿದ್ಯೆಗೆ ಮನೆ ಕಟ್ಟಿದವರು ಪ್ರಶಾಂತಚಂದ್ರ ಮಹಲನೋಬಿಸ್. 1931ರಲ್ಲಿ ಕಲ್ಕತ್ತೆಯಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಅವರಿಂದ ಆರಂಭವಾಯಿತು. ಆ ಮನೆಯಲ್ಲಿ ಬೆಳೆದವರಲ್ಲಿ ಅಗ್ರಗಣ್ಯರಾದ ಸಿ. ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10ರಂದು. ಮಾದರಿಗಳನ್ನು ನೋಡಿ ಮಾಡುವ ಯಾವುದೇ ಅಂದಾಜಿನಲ್ಲಿ ಹೆಚ್ಚುಕಡಿಮೆಯನ್ನು ಒಂದು ಮಿತಿಗಿಂತ ಕೆಳಕ್ಕೆ ಇಳಿಸಲಾಗದು, ಆ ಮಿತಿ ಇಷ್ಟು, ಎಂದು ಅವರು 1945ರಲ್ಲಿ, ತಮ್ಮ ಇಪ್ಪತ್ತೈದರ ಹರೆಯದಲ್ಲಿ ತೋರಿಸಿದರು. ಎಷ್ಟು ಜಾಣನಾದರೂ ದಾಟಲಾರದ ಗೆರೆ ಅದು. ಈಗ ಜಗತ್ತಿನ ಎಲ್ಲ ವಿಶ್ವವಿದ್ಯಾನಿಲಯಗಳಲ್ಲಿಯೂ ಕ್ರಾಮರ್ ಮತ್ತು ರಾವ್ ಇಬ್ಬರ ಹೆಸರಿನಿಂದ ಅದನ್ನು ಕಲಿಸುತ್ತಾರೆ. ರಾವ್ ಅವರು 2023ರ ಆಗಸ್ಟಿನಲ್ಲಿ, 102 ವರ್ಷಗಳ ತುಂಬು ಬಾಳನ್ನು ಕಳೆದು ತೀರಿಕೊಂಡರು.

ಇದೆಲ್ಲ ಪಂಡಿತರ ಮಾತು, ನಮಗೇನು ಎಂದು ವಾಚಕರು ಕೇಳಬಹುದು. ರಾಗಿ ಬೆಳೆಯುವವರು ಹಾಗೆ ಕೇಳಲಾರರು. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಪರಿಹಾರ ನಿಶ್ಚಯವಾಗುವುದು ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯ ಮೇಲೆ. ಆರಿಸಿದ ಕೆಲವು ಹೊಲಗಳಲ್ಲಿ ಗೊತ್ತಾದ ಅಳತೆಯ ತಾಕನ್ನು ಕೊಯ್ದು, ಒಕ್ಕಿ, ತೂಗಿ ನೋಡುತ್ತಾರೆ. ಮಹಲನೋಬಿಸರೂ ಸುಖಾತ್ಮೆ, ಪಾನ್ಸೆ ಮೊದಲಾದವರೂ ಈ ದೇಶದಲ್ಲಿ ಬೆಳೆಸಿದ ಮಾದರಿ ಸಮೀಕ್ಷೆಯ ಮೊಮ್ಮಗು ಇದು. ಪದ್ಧತಿ ಒಳ್ಳೆಯದೇ, ಪ್ರತಿ ಹೊಲವನ್ನೂ ಅಳೆಯುವುದು ಅಸಾಧ್ಯ. ಆದರೆ ಕೆರೆಯ ಕೆಳಗಿನ ಹೊಲಗಳು ತುಂಬಿ, ದಿಬ್ಬದ ಮೇಲಿನವು ಒಣಗಿ, ಪಂಚಾಯಿತಿಯ ಸರಾಸರಿ ಗೆರೆಯ ಮೇಲೆಯೇ ನಿಂತರೆ ದಿಬ್ಬದವನಿಗೆ ಬರದ ಪರಿಹಾರ ಬರುವುದಿಲ್ಲ. ಆಲಿಕಲ್ಲಿನಂಥ ಸ್ಥಳೀಯ ಆಪತ್ತಿಗೆ ಬೇರೆ ನಿಯಮವಿದೆ ಎಂಬುದು ನಿಜ. ಮೆಲ್ಲಗೆ ಒಣಗುವ ಹೊಲಕ್ಕೆ ಅದು ಒದಗದು. ಅವನ ನಷ್ಟ ಸುಳ್ಳಲ್ಲ, ಲೆಕ್ಕವೂ ಸುಳ್ಳಲ್ಲ. ಸರಾಸರಿಯ ಜೊತೆಗೆ ವಿಚಲನೆಯನ್ನೂ ಕೇಳದಿದ್ದುದರ ಫಲ ಅದು. ಒಳಗೆ ಭೇದ ಹೆಚ್ಚಿರುವ ಪ್ರದೇಶವನ್ನು ಒಂದೇ ಘಟಕವೆಂದು ಎಣಿಸಬಾರದೆಂದು ಶಾಸ್ತ್ರ ಹೇಳುತ್ತದೆ. ಅದನ್ನು ಕಚೇರಿಗಳಿಗೆ ನೆನಪಿಸಬೇಕಾದವರು ನಾವು.

ಮತ್ತೆ ತೆಂಗಿಗೆ ಬರೋಣ. ತೆಂಗಿನ ಹೆಚ್ಚುಕಡಿಮೆಯನ್ನು ಶಾಸ್ತ್ರೀಯವಾಗಿ ಅಳೆಯುವ ಕೆಲಸ ಮೊದಲಾದದ್ದು ಕನ್ನಡ ಮಾತಿನ ಗಡಿನಾಡಾದ ಕಾಸರಗೋಡಿನಲ್ಲಿ. ಆಗ ಅದು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1916ರಲ್ಲಿ ಅಲ್ಲಿಯೂ ನೀಲೇಶ್ವರದಲ್ಲಿಯೂ ತೆಂಗಿನ ಸಂಶೋಧನಾ ಕೇಂದ್ರಗಳು ತೆರೆದವು. ಕಾಸರಗೋಡಿನ ಕೇಂದ್ರವೇ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಜೆ. ಎಸ್. ಪಟೇಲ್ ಎಂಬ ವಿಜ್ಞಾನಿ 1932ರಲ್ಲಿ ನೀಲೇಶ್ವರದಲ್ಲಿ ಎತ್ತರದ ತಳಿಗೆ ಗಿಡ್ಡ ತಳಿಯ ಪರಾಗವನ್ನು ಕೂಡಿಸಿದರು. ಹುಟ್ಟಿದ ಸಸಿಗಳು ಬೇಗ ಬೆಳೆದು, ಬೇಗ ಫಲಕ್ಕೆ ಬಂದುವು. ಜಗತ್ತಿನಲ್ಲಿಯೇ ತೆಂಗಿನ ಮೊದಲ ಸಂಕರ ತಳಿ ಅದು. ಒಂದನ್ನೊಂದು ಹೋಲದ ಎರಡು ವಂಶಗಳು ಕೂಡಿದಾಗ ಹುಟ್ಟುವ ಕಸುವು ತೆಂಗಿನಲ್ಲಿಯೂ ಇದೆ ಎಂದಾಯಿತು.

ತಾಯಿಮರದ ಒಗಟನ್ನು ಬಿಡಿಸುವಲ್ಲಿಯೂ ಒಂದು ಹೆಜ್ಜೆ ಮುಂದೆ ಬಿತ್ತು. ಹಾರ್ಲ್ಯಾಂಡ್ ಎಂಬ ತಳಿಶಾಸ್ತ್ರಜ್ಞರು 1957ರಲ್ಲಿ ಸಿಂಹಳದ ತೆಂಗಿನ ಸಂಶೋಧನಾ ಸಂಸ್ಥೆಯ ಮೂಲಕ ಒಂದು ವಿಚಾರವನ್ನು ಮುಂದಿಟ್ಟರು. ಹೆಚ್ಚು ಕಾಯಿ ಬಿಡುವ ಮರಗಳೆಲ್ಲವೂ ತಮ್ಮ ಗುಣವನ್ನು ಮಕ್ಕಳಿಗೆ ಕೊಡುವುದಿಲ್ಲ, ತಂದೆ ಯಾವುದಾದರೂ ಆಗಲಿ, ತಮ್ಮ ಗುಣವನ್ನೇ ಸಾಧಿಸಿಕೊಡುವ ಕೆಲವು ಮರಗಳು ಮಾತ್ರ ಇರುತ್ತವೆ, ಅವನ್ನು ಹುಡುಕಬೇಕು. ಹುಡುಕುವುದು ಹೇಗೆ? ತಾಯಿಯನ್ನು ನೋಡಿ ಅಲ್ಲ, ಮಕ್ಕಳನ್ನು ನೋಡಿ. ಒಂದೊಂದು ಮರದ ಸಸಿಗಳನ್ನೂ ಬೇರೆ ಬೇರೆ ಮಡಿಯಲ್ಲಿ ಬೆಳೆಸಿ, ಯಾವ ಮಡಿಯಲ್ಲಿ ಸಸಿಗಳು ಬೇಗ ಮೊಳೆತು, ಬುಡ ದಪ್ಪವಾಗಿ, ಗರಿ ಬೇಗ ಸೀಳುತ್ತವೋ ಆ ತಾಯಿಯನ್ನು ಉಳಿಸಿಕೊಳ್ಳುವುದು. ಸೊಸೆ ತರುವಾಗ ಮನೆತನವನ್ನೆಲ್ಲ ವಿಚಾರಿಸುವ ನಮ್ಮ ಹಿರಿಯರಿಗೆ ಈ ವಿಚಾರ ವಿಚಿತ್ರವಾಗಿ ತೋರುತ್ತಿರಲಿಲ್ಲ.

ಭೇದವು ಸಂಪತ್ತೆಂಬುದು ಎಲ್ಲಕ್ಕಿಂತ ಚೆನ್ನಾಗಿ ಮನವರಿಕೆಯಾಗುವುದು ರೋಗ ಬಂದಾಗ. ಕೇರಳದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ತೆಂಗನ್ನು ಕಾಡುತ್ತ ಬಂದ ಬೇರುಸೊರಗು ರೋಗಕ್ಕೆ ಮದ್ದು ಸಿಕ್ಕಲಿಲ್ಲ. ಕೊನೆಗೆ ವಿಜ್ಞಾನಿಗಳು ಮಾಡಿದ್ದೇನು? ಸುತ್ತಲಿನ ಮರಗಳೆಲ್ಲ ಸೊರಗಿದ್ದರೂ ನಡುವೆ ಹಸಿರಾಗಿ ನಿಂತಿದ್ದ ಒಂಟಿ ಮರಗಳನ್ನು ಹುಡುಕಿ, ಅವುಗಳಿಂದ ತಾಳಿಕೆಯ ತಳಿಗಳನ್ನು ಬೆಳೆಸಿದರು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ನಮ್ಮ ಸೀಮೆಗೂ ಹಬ್ಬಿ, ಕಾಯಿಗಳು ಕಂದುಗಟ್ಟಿ, ಸಿಡಿದು, ಚಿಕ್ಕವಾಗಿ ಒಕ್ಕಲು ಕಂಗೆಟ್ಟಾಗಲೂ ಒಂದೇ ತೋಟದ ಮರಗಳಿಗೆ ಪೆಟ್ಟು ಒಂದೇ ಸಮನಾಗಿ ಬೀಳಲಿಲ್ಲ. ಎಲ್ಲ ಮರಗಳೂ ಒಂದೇ ಪಡಿಯಚ್ಚಾಗಿದ್ದರೆ ಹೋಗುವಾಗಲೂ ಒಟ್ಟಿಗೇ ಹೋಗುತ್ತಿದ್ದುವು. ಕಸಿ ಒಪ್ಪದ ತೆಂಗಿನ ಹಟ ನಮಗೆ ಕಷ್ಟವೆನಿಸಿದರೂ ಮರದ ಕುಲಕ್ಕೆ ಅದೇ ಕವಚ.

ಆದುದರಿಂದಲೇ ದಕ್ಷಿಣ ಕನ್ನಡ ಜಿಲ್ಲೆಯ ಕಿದುವಿನಲ್ಲಿ 1998ರಿಂದ ತೆಂಗಿನ ಅಂತರರಾಷ್ಟ್ರೀಯ ಜೀನ್ ಬ್ಯಾಂಕ್ ಒಂದು ನಡೆಯುತ್ತಿದೆ. ಭತ್ತದ ಬೀಜವನ್ನಾದರೆ ತಣ್ಣನೆಯ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇಡಬಹುದು. ತೆಂಗಿನಕಾಯಿ ಹಾಗೆ ಇಡಗೊಡುವುದಿಲ್ಲ. ಒಣಗಿಸಿದರೆ ಸಾಯುತ್ತದೆ, ಬಿಟ್ಟರೆ ಮೊಳೆಯುತ್ತದೆ. ಈ ಬ್ಯಾಂಕಿನ ಠೇವಣಿಯೆಂದರೆ ನಿಂತ ಮರಗಳೇ. ಹಲವು ನಾಡುಗಳ, ಹಲವು ಬಣ್ಣದ, ಹಲವು ಆಕಾರದ ತೆಂಗುಗಳು ಅಲ್ಲಿ ಸಾಲಾಗಿ ನಿಂತಿವೆ. ಮುಂದೆ ಯಾವ ರೋಗ ಬರುವುದೋ, ಯಾವ ಬರ ಬೀಳುವುದೋ, ಯಾವ ಮರದ ಯಾವ ಗುಣ ಬೇಕಾಗುವುದೋ ಈಗಲೇ ಬಲ್ಲವರಾರು?

ಈ ಚರಿತ್ರೆಗೆ ಒಂದು ಕರಿಯ ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ಬಟಾಣಿಯನ್ನು ಅಳೆದ ಗಾಲ್ಟನ್ನನೇ ಮನುಷ್ಯರನ್ನೂ ಬೀಜದಂತೆ ಆರಿಸಬೇಕೆಂಬ ಮತವನ್ನು ಹುಟ್ಟಿಸಿ, 1883ರಲ್ಲಿ ಅದಕ್ಕೆ ಹೆಸರಿಟ್ಟನು. ಪಿಯರ್ಸನ್, ಫಿಷರ್ ಇಬ್ಬರೂ ಆ ಮತದವರೇ. ಭೇದವನ್ನು ಅಳೆಯಲು ಹೊರಟವರು ಅದನ್ನು ಮೇಲುಕೀಳಿನ ಮೆಟ್ಟಿಲಾಗಿ ಮಾಡಿದರು; ಅದರ ಹೆಸರಿನಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ನಡೆದ ಘೋರಗಳನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಅದಕ್ಕೆ ಉತ್ತರ ಕೊಟ್ಟದ್ದು ಅದೇ ಪಾಲುಪಟ್ಟಿಯ ಲೆಕ್ಕ ಎಂಬುದು ಸ್ವಾರಸ್ಯ. ಲೆವೊಂಟಿನ್ ಎಂಬ ಅಮೆರಿಕದ ವಿಜ್ಞಾನಿ 1972ರಲ್ಲಿ ಮನುಷ್ಯರ ರಕ್ತದ ಗುಣಗಳ ಭೇದವನ್ನು ಪಾಲು ಮಾಡಿ ನೋಡಿದಾಗ ಅದರಲ್ಲಿ ಸುಮಾರು 85 ಪಾಲು ಒಂದೊಂದು ಜನಸಮುದಾಯದ ಒಳಗೇ ಇತ್ತು. ಸಮುದಾಯ ಸಮುದಾಯಗಳ ನಡುವೆ ಉಳಿದದ್ದು ಅತ್ಯಲ್ಪ. "ಐದು ಬೆರಳೂ ಒಂದೇ ಸಮ ಇರುತ್ತವೆಯೇ?" ಎಂದು ಮೇಲುಕೀಳನ್ನು ಸಮರ್ಥಿಸುವವರು ನಮ್ಮಲ್ಲಿ ಇದ್ದಾರೆ. ಬೆರಳುಗಳು ಸಮವಿಲ್ಲವೆಂಬುದು ನಿಜ. ಆ ಐದು ಬೆರಳು ಒಂದೇ ಅಂಗೈಯಲ್ಲಿವೆ ಎಂಬುದೂ, ಸಮವಿಲ್ಲದ್ದರಿಂದಲೇ ಕೈಗೆ ಹಿಡಿತ ಬಂದಿದೆ ಎಂಬುದೂ ಅಷ್ಟೇ ನಿಜ.

ಸಂಪಿಗೆಯಲ್ಲಿ ಹುಟ್ಟಿದ ಶ್ರೀಕಂಠಯ್ಯನವರು 'ಇಂಗ್ಲಿಷ್ ಗೀತಗಳು' ಎಂಬ ಪುಸ್ತಕವನ್ನು 1926ರಲ್ಲಿ ತಂದಾಗ ಕನ್ನಡದ ಹಳೆಯ ಮಾತ್ರಾಗಣಗಳನ್ನು ಬಿಸಾಡಲಿಲ್ಲ. ಅವನ್ನೇ ಇಟ್ಟುಕೊಂಡು ಜೋಡಣೆಯನ್ನು ಬದಲಿಸಿದರು, ಆದಿಪ್ರಾಸದ ಕಟ್ಟನ್ನು ಸಡಿಲಿಸಿದರು. ಹಳೆಯದರ ಒಳಗೇ ಇದ್ದ ಹೆಚ್ಚುಕಡಿಮೆಗೆ ದಾರಿ ಬಿಟ್ಟದ್ದರಿಂದ ಹೊಸ ಕಾವ್ಯ ಬಂತು. ತೆಂಗಿನ ತೋಟಕ್ಕೂ ಇದೇ ಮಾತು ಸಲ್ಲುತ್ತದೆ. ಕಡಲಿನಿಂದ ಬಹುದೂರ, ಸುಮಾರು 800 ಮೀಟರ್ ಎತ್ತರದಲ್ಲಿ, ಅಭಾವದ ಮಳೆಯಲ್ಲಿ ತಲೆಮಾರುಗಳಿಂದ ಬಾಳಿ ಬಂದ ತಿಪಟೂರು ತಳಿಯ ಒಳಗೆ ಏನೇನು ಅಡಗಿದೆಯೋ ಅದನ್ನೆಲ್ಲ ಇನ್ನೂ ಯಾರೂ ಎಣಿಸಿ ಮುಗಿಸಿಲ್ಲ. ಅದರಿಂದಲೇ ಆರಿಸಿದ "ಕಲ್ಪತರು" ಎಂಬ ತಳಿ ಉಂಡೆ ಕೊಬ್ಬರಿಗೂ ಬರ ತಾಳುವುದಕ್ಕೂ ಹೆಸರಾಗಿದೆ. ಅಂಥವು ಇನ್ನೆಷ್ಟಿವೆಯೋ!

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಕಾಯಿಯನ್ನು ಲೆಕ್ಕದ ಮೇಲೆ ಮಾರುತ್ತೇವೆ, ಕೊಬ್ಬರಿಯನ್ನು ತೂಕದ ಮೇಲೆ ಮಾರುತ್ತೇವೆ. ಎರಡರಲ್ಲಿಯೂ ಯಾವ ಮರದ್ದು ಎಷ್ಟು ಎಂಬುದು ರಾಶಿಯಲ್ಲಿ ಕಳೆದುಹೋಗುತ್ತದೆ. ಗೆಝೆಟಿಯರ್ ಹೇಳಿದಂತೆ ಎಲ್ಲವನ್ನೂ ಬೆರೆಸಿಯೇ ಮಾರುವುದು ಇಂದಿಗೂ ತಪ್ಪಿಲ್ಲ. ಮರಕ್ಕೊಂದು ಅಂಕಿ ಬರೆದು, ಕೀಳುವಾಗ ಎಣಿಸಿ, ಹಳೆಯ ನೋಟುಪುಸ್ತಕದಲ್ಲಿ ಗುರುತು ಹಾಕಿಟ್ಟರೆ ನಾಲ್ಕೈದು ವರ್ಷಗಳಲ್ಲಿ ಆ ತೋಟದ ಚರಿತ್ರೆ ತಾನೇ ಸಿದ್ಧವಾಗುತ್ತದೆ. ಒಂದು ವರ್ಷದ ಎಣಿಕೆ ಸಾಲದು. ಬಿಟ್ಟುಬಿಟ್ಟು ಹಿಡಿಯುವ ಮರ ಒಂದೇ ವರ್ಷದಲ್ಲಿ ತನ್ನ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಬರದಲ್ಲಿಯೂ ನುಸಿಯಲ್ಲಿಯೂ ಬಗ್ಗದೆ ನಿಂತ ಮುದಿಮರವೊಂದಿದ್ದರೆ, ಅದನ್ನು ಕಡಿಸುವ ಮೊದಲು ಅದರ ನಾಲ್ಕು ಬಲಿತ ಕಾಯಿಗಳನ್ನು ಮಡಿಗೆ ಹಾಕಿಡುವುದು ಒಳ್ಳೆಯದು.